ಎಣ್ಣೆ ಬೇಡದ ಗುಂಡು

ಮೊನ್ನೆ ಶನಿವಾರ ಮಧ್ಯಾಹ್ನ ನನ್ನ ಹೆಂಡತಿ ಶಾರದ ಹೊಲಿಗೆ ಮೆಷೀನಿಗೆ ಎಣ್ಣೆ ಬಿಡುತ್ತಿದ್ದಳು. ನಾನು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಮೊಬೈಲಿನಲ್ಲಿ ಬಾಲ್ ಹೆಡ್ ಹುಡುಕುತ್ತಿದ್ದೆ. ಆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸು ಚಿಂತಾಮಣಿಯ ನಮ್ಮ ಮನೆ ಬಿಟ್ಟು ಶಿಡ್ಲಘಟ್ಟದ ಮಾವನ ರೇಷ್ಮೆ ಘಟಕಕ್ಕೆ ಹೊರಟುಹೋಯಿತು. ಮಾವ ಎಂದರೆ ನನ್ನ ಸೋದರಮಾವ, ಅಮ್ಮನ ಅಣ್ಣ. ಅವರ ವಿಷಯಕ್ಕೆ ಬರುತ್ತೇನೆ, ಅದಕ್ಕೆ ಮೊದಲು ಈ ಬಾಲ್ ಹೆಡ್ ಅಂದರೇನು ಅಂತ ಹೇಳಿಬಿಡಬೇಕು. ನೀವು ಕೇಳದಿದ್ದರೂ ಹೇಳುವವನೇ ನಾನು. ಕಾಲೇಜಿನಲ್ಲಿ ಇಷ್ಟು ವರ್ಷ ಗಣಿತ ಹೇಳಿಕೊಟ್ಟವನ ಚಾಳಿ ಅದು.

ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡ್ ನೋಡಿದ್ದೀರಲ್ಲ? ಅದರ ನೆತ್ತಿಯ ಮೇಲೆ ನಿಂಬೆಹಣ್ಣಿನ ಗಾತ್ರದ ಲೋಹದ ಗುಂಡೊಂದು ಬಟ್ಟಲಿನೊಳಗೆ ಕೂತಿರುತ್ತದೆ. ಗುಂಡಿನ ಮೇಲೆ ಕ್ಯಾಮೆರಾ. ಪಕ್ಕದ ತಿರುಪು ಸಡಿಲಿಸಿದರೆ ಕ್ಯಾಮೆರಾ ಎತ್ತ ಬೇಕಾದರೂ ವಾಲುತ್ತದೆ, ಬಿಗಿ ಮಾಡಿದರೆ ಇದ್ದಲ್ಲೇ ನಿಲ್ಲುತ್ತದೆ. ನಿಲ್ಲಬೇಕು ಅನ್ನುವುದು ಸರಿಯಾದ ಮಾತು. ಎಷ್ಟೋ ಗುಂಡುಗಳು ಬಿಗಿ ಮಾಡಿದ ಮೇಲೂ ಕೂದಲೆಳೆಯಷ್ಟು ಕೆಳಗೆ ಜಾರುತ್ತವೆ. ಗೋಡೆ, ಗುಡ್ಡ ತೆಗೆಯುವವರಿಗೆ ಅದು ಗೊತ್ತೇ ಆಗುವುದಿಲ್ಲ. ನಾನು ತೆಗೆಯುವುದು ಮಳೆ ಬಿದ್ದ ಮೇಲೆ ನಮ್ಮ ಬಂಡೆಗುಡ್ಡಗಳ ಸಂದಿನಲ್ಲಿ ಏಳುವ, ಸಾಸಿವೆಕಾಳಿಗಿಂತ ಒಂದಿಷ್ಟು ದೊಡ್ಡ ಹೂಗಳನ್ನು. ಅಲ್ಲಿ ಕೂದಲೆಳೆಯೇ ಒಂದು ಮಾರು.

ಇಷ್ಟು ದಿನ ಮನೆಯಲ್ಲಿ ಸ್ಟ್ಯಾಂಡಿದ್ದರೂ ಅದರ ಹಂಗಿಲ್ಲದೆ ಬರೀ ಕೈಯಲ್ಲೇ ತೆಗೆಯುತ್ತಿದ್ದೆ, ಅದರ ಜಂಬವೂ ಇತ್ತು. ಈಗ ಆಗುವುದಿಲ್ಲ. ನನ್ನ ಬಲಗೈ ನಡುಗುತ್ತದೆ. ಎರಡು ವರ್ಷವಾಯಿತು. ಕಾಲೇಜಿನಲ್ಲಿ ಬೋರ್ಡಿನ ಮೇಲೆ ಗೆರೆ ಸೊಟ್ಟಗಾದಾಗ ಬೋರ್ಡು ಒರಟಾಗಿದೆ ಅಂದೆ. ಮನೆಯಲ್ಲಿ ಸಹಿ ಕೆಟ್ಟಾಗ ಪೆನ್ನು ಸರಿಯಿಲ್ಲ ಅಂದೆ. ಚಿಕ್ಕಬಳ್ಳಾಪುರದಲ್ಲಿ ಮೌಲ್ಯಮಾಪನ ಇದೆ ಎಂದು ಶಾರದಳಿಗೆ ಸುಳ್ಳು ಹೇಳಿ, ಅಲ್ಲಿನ ಡಾಕ್ಟರಿಗೆ ಒಬ್ಬನೇ ಹೋಗಿ ಕೈ ತೋರಿಸಿ ಬಂದೆ. "ಜೀವಕ್ಕೇನೂ ಅಪಾಯ ಇಲ್ಲ, ಆದ್ರೆ ಕಮ್ಮಿ ಆಗಲ್ಲ, ನಿಧಾನಕ್ಕೆ ಜಾಸ್ತಿ ಆಗುತ್ತೆ" ಅಂದರು. ಬಸ್ಸಿನಲ್ಲಿ ವಾಪಸು ಬರುವಾಗ ಎರಡು ತೀರ್ಮಾನ ಮಾಡಿದೆ. ಫೋಟೊ ತೆಗೆಯುವುದನ್ನು ಬಿಡುವುದಿಲ್ಲ, ಈ ವಿಷಯ ಯಾರಿಗೂ ಹೇಳುವುದಿಲ್ಲ.

ಆಮೇಲೆ ಶುರುವಾಯಿತು ನೋಡಿ ಹುಡುಕಾಟ. ಇಂಟರ್ನೆಟ್ಟಿನಲ್ಲಿ ಬಾಲ್ ಹೆಡ್ ಬಗ್ಗೆ ಮಾತಾಡುವವರು ಸೊಸೆ ತರುವವರಿಗಿಂತ ಹೆಚ್ಚು ಯೋಚನೆ ಮಾಡಿರುತ್ತಾರೆ. ಇಷ್ಟು ಕಿಲೋ ತೂಕ ಹೊರುತ್ತೆ ಅನ್ನುವವನೊಬ್ಬ, ಅದೆಲ್ಲ ಬುರುಡೆ ಅನ್ನುವವನೊಬ್ಬ. ಎಲ್ಲ ಓದಿ ನನಗೆ ಬೇಕಾದದ್ದನ್ನು ಗಟ್ಟಿ ಮಾಡಿಕೊಂಡೆ: ಗುಂಡು ದಪ್ಪಗಿರಬೇಕು, ಮುಖ್ಯ ತಿರುಪು ಇಡೀ ಅಂಗೈಗೆ ಸಿಗುವಷ್ಟು ದೊಡ್ಡದಿರಬೇಕು, ಅದು ಸಡಿಲವಾದರೂ ಕ್ಯಾಮೆರಾ ದೊಪ್ಪನೆ ಬೀಳದಂತೆ ತಡೆಯುವ ಇನ್ನೊಂದು ಪುಟ್ಟ ತಿರುಪೂ ಇರಬೇಕು. ಇದನ್ನು ಮೊಬೈಲಿನಲ್ಲಿ ತರಿಸುವುದಲ್ಲ, ಕೈಯಲ್ಲಿ ತಿರುಗಿಸಿ ನೋಡಿಯೇ ತರುವುದು ಅಂತ ಹಟ ಹಿಡಿದೆ.

ಈಗ ಮಾವ. ಅವರ ಘಟಕದಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುವ ಚರಕಗಳಿದ್ದವು. ದಿನಾ ಬೆಳಿಗ್ಗೆ ಉದ್ದ ಮೂತಿಯ ಎಣ್ಣೆ ಡಬ್ಬಿ ಹಿಡಿದು ಒಂದು ಸುತ್ತು ಬರುವುದು ಮಾವನಿಗೆ ಸಂಧ್ಯಾವಂದನೆ ಇದ್ದಂತೆ. ಎಲ್ಲಿ ಕಿರ್ ಅಂದರೆ ಅಲ್ಲೊಂದು ತೊಟ್ಟು. ನೂಲಿಗೆ ಮಾತ್ರ ಸೋಂಕಬಾರದು, ಕಲೆಯಾದರೆ ಮಾಲು ಕೆಟ್ಟಿತು. ಚರಕ ಮುಗಿದ ಮೇಲೆ ಸೈಕಲ್, ಗೇಟು, ಕೊನೆಗೆ ಅಜ್ಜಿಯ ಅಡಕತ್ತರಿಯನ್ನೂ ಬಿಡುತ್ತಿರಲಿಲ್ಲ. ಅಜ್ಜಿ "ಅಡಿಕೆ ಎಣ್ಣೆ ಎಣ್ಣೆ ಅಂತೈತೆ ಕಣೋ" ಅಂತ ಬೈಯುವುದು, ಮಾವ "ಕೈ ನೋಯಲ್ಲ ಸುಮ್ಕಿರಮ್ಮ" ಅನ್ನುವುದು ವಾರಕ್ಕೊಮ್ಮೆ ನಡೆಯುತ್ತಿತ್ತು.

ಮಾವನಿಗೆ ಫೋಟೊ ಹುಚ್ಚು. ಹುಚ್ಚು ನನಗೆ ಅಂಟಿದ್ದು ಅವರಿಂದಲೇ. ಹಳೆಯ ಚರಕಗಳನ್ನು ತೆಗೆದು ಹೊಸ ಮೆಷೀನು ಹಾಕುವುದೆಂದು ತೀರ್ಮಾನವಾದಾಗ, ಕೆಲಸದ ಹೆಂಗಸರೆಲ್ಲ ಬೇರೆ ಬೇರೆ ಘಟಕಗಳಿಗೆ ಹೋಗುವವರಿದ್ದರು. ಅದಕ್ಕೆ ಮೊದಲು ಒಂದು ಗ್ರೂಪ್ ಫೋಟೊ ಆಗಬೇಕು, ಅದರಲ್ಲಿ ತಾವೂ ಇರಬೇಕು ಅಂತ ಮಾವ ಬೆಂಗಳೂರಿನಿಂದ ಸ್ಟ್ಯಾಂಡು, ಬಾಲ್ ಹೆಡ್ಡು ತಂದರು. ನಾನಾಗ ಡಿಗ್ರಿ ಮುಗಿಸಿ ಕೆಲಸ ಸಿಗದೆ ಮಾವನ ಮನೆಯಲ್ಲೇ ಇದ್ದೆ. ಭಾನುವಾರ ಎಲ್ಲರೂ ಅಂಗಳದಲ್ಲಿ ನಿಂತರು. ಮಾವ ಟೈಮರ್ ಒತ್ತಿ, ಪಂಚೆ ಎತ್ತಿಕೊಂಡು ಓಡಿಬಂದು ನಡುವೆ ನಿಂತರು. ಹೀಗೆ ಮೂರು ಸಲ ಓಡಿದರು. ರೋಲು ತೊಳೆದು ಬರಲು ಹತ್ತು ದಿನ ಹಿಡಿಯಿತು.

ಮೂರು ಫೋಟೊದಲ್ಲೂ ಒಬ್ಬರಿಗೂ ತಲೆ ಇರಲಿಲ್ಲ. ಸೊಂಟದಿಂದ ಕೆಳಗೆ ಮಾತ್ರ, ಸೀರೆಯ ನೆರಿಗೆ, ಬರಿಗಾಲು, ಬಿಸಿನೀರಿನಲ್ಲಿ ನೆನೆದು ಬೆಳ್ಳಗಾದ ಕೈಗಳು, ನಡುವೆ ಮಾವನ ಪಂಚೆ.

ಎಲ್ಲರಿಗಿಂತ ಹಿರಿಯಳಾದ ಮುನಿವೆಂಕಟಮ್ಮ ಫೋಟೊ ತಿರುಗಿಸಿ ತಿರುಗಿಸಿ ನೋಡಿ, "ಅಯ್ಯೋ ದೇವುಡಾ, ನಮ್ ತಲೆಗಳು ಎಲ್ಲಿಗೋದ್ವು ಸ್ವಾಮಿ?" ಅಂದಳು. ಆಮೇಲೆ, "ಆ ಕ್ಯಾಮೆರಾ ಮೆಲ್ಲಗೆ ತಲೆ ಬಗ್ಸೋದು ನಾನ್ ನೋಡ್ದೆ. ನಮಗೆ ನಮಸ್ಕಾರ ಮಾಡ್ತದೆ ಅಂದ್ಕೊಂಡು ಸುಮ್ಕಾದೆ" ಅಂದಳು.

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ನನ್ನತ್ತ ತಿರುಗಿ, "ಸ್ಟ್ಯಾಂಡ್‌ಗೆ ಕಾಲು ತಗುಲ್ಸಿದ್ಯಲ್ಲೋ ನೀನು" ಅಂದರು. ನಾನು ಸ್ಟ್ಯಾಂಡಿನ ಹತ್ತಿರವೂ ಹೋಗಿರಲಿಲ್ಲ. ಅಷ್ಟು ಹೆಂಗಸರ ಮುಂದೆ ಅಂದುಬಿಟ್ಟರು. ಕೆಲಸವಿಲ್ಲದ ಹುಡುಗನಿಗೆ ಇಂಥವು ಎರಡು ಪಾಲು ನೋಯುತ್ತವೆ. ಮಾವನ ಜೊತೆ ಮಾತು ಬಿಟ್ಟೆ.

ಮೂರನೆಯ ದಿನ ಮಾವ ಜಗುಲಿಯಲ್ಲಿ ಕೂತು ಬಾಲ್ ಹೆಡ್ ಬಿಚ್ಚುತ್ತಿದ್ದರು. ಗುಂಡು ಅಂಗೈ ಮೇಲೆ ಬಿತ್ತು, ಪಳಪಳ ಅನ್ನುತ್ತಿತ್ತು, ಮೈತುಂಬ ಮೆಷೀನ್ ಎಣ್ಣೆ. ತಂದ ದಿನವೇ ತಿರುಗುವ ಸಾಮಾನು ಅಂತ ಒಂದೆರಡು ತೊಟ್ಟು ಬಿಟ್ಟಿದ್ದರು. ಆ ಗುಂಡು ನಿಲ್ಲುವುದೇ ಒಣಗಿದ್ದಾಗ, ಉಜ್ಜಿಕೊಂಡಾಗ. ಎಣ್ಣೆ ಬಿಟ್ಟರೆ ಎಷ್ಟು ಬಿಗಿದರೂ ಜಾರಲೇಬೇಕು. ಮಾವ ಆ ಎಣ್ಣೆಯನ್ನು ಬೆರಳಿನಿಂದ ಉಜ್ಜಿ ನೋಡಿದರು. ನಾನು ನೋಡಿದೆನೆಂದು ಅವರಿಗೆ ಗೊತ್ತಿರಲಿಲ್ಲ. ಒರೆಸಿ ಒಳಗಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಅವರು ಹಾಗೆ ಮಾಡಲಿಲ್ಲ. ಟೀ ಹೊತ್ತಿಗೆ ಘಟಕದ ನಡುವೆ ನಿಂತು ಗುಂಡನ್ನು ಎತ್ತಿ ಹಿಡಿದರು. "ತಪ್ಪು ನಂದೇ ಕಣ್ರಮ್ಮ. ಇದಕ್ಕೆ ಎಣ್ಣೆ ಬಿಟ್ಟಿದ್ದು ನಾನು. ಇವನ ಮೇಲೆ ಹಾಕ್ದೆ, ಅದೂ ತಪ್ಪೇ. ಇನ್ನೊಂದ್ಸಲ ಎಲ್ರೂ ನಿಂತ್ಕಬೇಕು" ಅಂದರು. ನಾನು ಗೂಡಿನ ತಟ್ಟೆಗಳ ಹಿಂದೆ ನಿಂತಿದ್ದೆ. ಅಳು ಬಂತು, ಹೇಳುವುದಕ್ಕೇನು ನಾಚಿಕೆ. ಗುಂಡನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿನಲ್ಲಿ ಒಣಗಿಸಿದರು. ಅಷ್ಟರಲ್ಲಿ ಇಬ್ಬರು ಹೆಂಗಸರು ಕೆಲಸ ಬಿಟ್ಟು ಊರಿಗೆ ಹೋಗಿದ್ದರು. ಮಾವ ಪಟ್ಟು ಬಿಡದೆ ಲೂನಾದಲ್ಲಿ ಅವರವರ ಊರಿಗೇ ಹೋಗಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಬಂದರು. ಆ ಸಲ ಎಲ್ಲರ ತಲೆಯೂ ಬಂತು.

ಇದನ್ನೆಲ್ಲ ನೆನೆಯುತ್ತ ಕೂತವನನ್ನು ಶಾರದ, "ಏನ್ರೀ, ಅಂಗಡಿಗೆ ಹೋಗಣ ಅಂದ್ರಿ, ಕೂತೇ ಇದ್ದೀರಲ್ಲ. ನಂಗೂ ದಾರ ತರೋದಿದೆ" ಅಂತ ಎಬ್ಬಿಸಿದಳು. ಬಸ್ ಸ್ಟ್ಯಾಂಡ್ ಹತ್ತಿರ ನಯಾಜ್ ಅನ್ನುವವರ ಅಂಗಡಿ ಇದೆ, ಮದುವೆ ಫೋಟೊದವರೆಲ್ಲ ಅಲ್ಲಿಗೇ ಬರುತ್ತಾರೆ. ನಯಾಜ್ ಮೂರು ಬಾಲ್ ಹೆಡ್ ಗಾಜಿನ ಮೇಲಿಟ್ಟು, ಒಂದಕ್ಕೆ ತಮ್ಮದೇ ಭಾರದ ಕ್ಯಾಮೆರಾ ಕೂರಿಸಿದರು. "ಇದು ಎಲ್ರೂ ತಗೊಳ್ಳೋದು ಸಾರ್, ಲೂಸ್ ಮಾಡಿ ನೋಡಿ."

ಅದರ ತಿರುಪು ಚಿಕ್ಕದು. ಬೆರಳು ನಡುಗಿ ತಿರುಪು ಅಳತೆ ಮೀರಿ ತಿರುಗಿತು, ಕ್ಯಾಮೆರಾ ದೊಪ್ಪನೆ ವಾಲಿತು, ನಯಾಜ್ ಹಾರಿ ಹಿಡಿದುಕೊಂಡರು. "ಕೈ ಬೆವರಿದೆಯಾ ಸಾರ್?" ಅಂತ ಕೇಳಿದರು. ಎಷ್ಟು ಸೊಗಸಾದ ನೆಪ, ಕೇಳದೆಯೇ ಕೈಗೆ ಕೊಟ್ಟಿದ್ದರು. ಹೌದು ಅಂದಿದ್ದರೆ ಸಾಕಿತ್ತು. ಹಾಗೆ ಅಂದುಬಿಟ್ಟಿದ್ದರೆ, ನನ್ನ ಕೈಗಾಗದ ಆ ಬಾಲ್ ಹೆಡ್ಡನ್ನೇ ಹೊತ್ತು ಮನೆಗೆ ಬರುತ್ತಿದ್ದೆ.

"ಬೆವರಲ್ಲ ನಯಾಜ್. ನನ್ನ ಕೈ ನಡುಗುತ್ತೆ. ಎರಡು ವರ್ಷ ಆಯ್ತು, ಇನ್ನೂ ಜಾಸ್ತಿ ಆಗುತ್ತಂತೆ. ನಡುಗೋ ಕೈಗೆ ಆಗೋ ಅಂಥದ್ದು ಕೊಡಿ" ಅಂದೆ. ಶಾರದ ಪಕ್ಕದಲ್ಲೇ ಇದ್ದಳು. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ನಯಾಜ್ ಮೊದಲಿನದನ್ನು ಪಕ್ಕಕ್ಕೆ ಸರಿಸಿ, ಒಳಗಿನಿಂದ ಇನ್ನೊಂದು ತಂದರು. ದಪ್ಪ ಗುಂಡು, ಇಡೀ ಅಂಗೈ ತುಂಬುವ ತಿರುಪು. ತಿರುಗಿಸಿದೆ. ಕೈ ನಡುಗಿತು, ಕ್ಯಾಮೆರಾ ಅಲುಗಲಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ ತಿರುಗಿಸಿದೆ. "ಇದೇ ಇರಲಿ" ಅಂದೆ.

ಶಾರದಳ ದಾರವನ್ನೂ ಕೊಂಡು ಮನೆಗೆ ನಡೆದು ಹೊರಟೆವು. ನಾನೇ, "ನಿನಗೆ ಮೊದಲೇ ಹೇಳಬೇಕಿತ್ತು" ಅಂದೆ.

"ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ರಾ?" ಅಂದಳು. "ಎರಡು ವರ್ಷದಿಂದ ನಿಮ್ಮ ಕಾಫಿ ಲೋಟ ಮುಕ್ಕಾಲೇ ತುಂಬಿಸ್ತಿದ್ದೀನಿ. ಚೆಲ್ಲಿದ್ರೆ ನಿಮಗೆ ಬೇಜಾರಾಗುತ್ತೆ ಅಂತ."

ನಡುರಸ್ತೆಯಲ್ಲಿ ನಿಂತುಬಿಟ್ಟೆ. ಎರಡು ವರ್ಷ ದಿನಕ್ಕೆರಡು ಸಲ ಆ ಲೋಟ ಹಿಡಿದಿದ್ದೇನೆ, ಒಮ್ಮೆಯೂ ನನಗೆ ಕಂಡಿಲ್ಲ.

"ಇವತ್ತು ಪೂರ್ತಿ ತುಂಬಿಸು" ಅಂದೆ. "ಚೆಲ್ಲಿದರೆ ಚೆಲ್ಲಲಿ."