ಸ್ಕ್ಯಾನಿನಲ್ಲಿ ಕಾಣದ ಬೆನ್ನುನೋವು

ರೋಗಿ ಹೇಳುವ ನೋವಿಗಿಂತ ಯಂತ್ರ ತೋರಿಸುವ ಚಿತ್ರವೇ ಹೆಚ್ಚು ನಿಜ ಎಂದು ನಂಬಿಕೊಂಡು ಬಂದವನು ನಾನು. ದಾವಣಗೆರೆಯಲ್ಲಿ ಎಂ.ಆರ್.ಐ. ಚಿತ್ರಗಳನ್ನು ನೋಡಿ ವರದಿ ಬರೆಯುವುದು ನನ್ನ ಕೆಲಸ. ಯಾರಾದರೂ ‘ನನಗೆ ಮೊದಲೇ ಗೊತ್ತಾಗಿತ್ತು’ ಎಂದರೆ ಒಳಗೊಳಗೇ ನಗುತ್ತಿದ್ದೆ. ಈಗ ನಗು ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷಗಳ ಹಿಂದೆ ಹರಿಹರದಿಂದ ಮರುಳಸಿದ್ದಪ್ಪ ಎಂಬುವರು ಬಂದರು. ಅಲ್ಲಿ ಪೈಪು, ಮೋಟಾರಿನ ಅಂಗಡಿ ಇಟ್ಟಿದ್ದ ಗಟ್ಟಿ ಆಳು. ತಿಂಗಳುಗಟ್ಟಲೆಯಿಂದ ಬೆನ್ನುನೋವು. ಎಲ್ಲಿ ಎಂದು ಕೇಳಿದರೆ ಅವರ ಕೈ ಅಲ್ಲಿಗೆ ಎಟುಕಲಿಲ್ಲ. ಜೊತೆಗಿದ್ದ ಹೆಂಡತಿ ಶಾಂತಮ್ಮ ಅಂಗಿ ಸರಿಸಿ ಹೆಬ್ಬೆರಳು ಒತ್ತಿ ತೋರಿಸಿದರು.

“ಇಲ್ಲೇ ನೋಡ್ರಿ. ದಿನಾ ನಾನೇ ಎಣ್ಣಿ ತಿಕ್ಕೋದು.”

ಆ ಜಾಗಕ್ಕೆ ಒಂದು ಮೀನೆಣ್ಣೆ ಗುಳಿಗೆ ಅಂಟಿಸಿದೆ. ಚಿತ್ರದಲ್ಲಿ ಅದು ಬೆಳ್ಳಗೆ ಹೊಳೆದು ಗುರುತಿಗೆ ಸಿಗುತ್ತದೆ. ಗುಳಿಗೆಯೇನೋ ಹೊಳೆಯಿತು, ಬೆನ್ನುಮೂಳೆಯ ನಡುಭಾಗದಲ್ಲಿ. ಆದರೆ ಅದರಡಿಯ ಮೂಳೆ, ನರ ಎಲ್ಲ ಶುಭ್ರ.

“ಇನ್ನೊಮ್ಮೆ ನೋಡ್ರಿ ಡಾಕ್ಟ್ರೇ. ಒಳಗೆ ಏನೋ ಕೂತೈತೆ,” ಎಂದರು ಮರುಳಸಿದ್ದಪ್ಪ. ಮತ್ತೆ ನೋಡಿದೆ. ಏನೂ ಇರಲಿಲ್ಲ.

ಇಬ್ಬರೂ ಹೊರಟರು. ಬಾಗಿಲ ಹತ್ತಿರ ಶಾಂತಮ್ಮನ ಒಂದು ಕಾಲಿನ ಚಪ್ಪಲಿ ಕಳಚಿ ಬಿತ್ತು. ಅವರಿಗೆ ಅದರ ಅರಿವೇ ಇಲ್ಲ, ಬರಿಗಾಲಲ್ಲೇ ಮುಂದೆ ನಡೆದರು. ಬೆನ್ನುಹುರಿಗೆ ಒತ್ತಡ ಬಿದ್ದು ಕಾಲಿನ ಸ್ಪರ್ಶ ಕಳೆದುಕೊಂಡವರು ಹೀಗೆ ನಡೆಯುವುದನ್ನು ಕಂಡಿದ್ದೆ. ವಾಪಸ್ ಕರೆದೆ.

“ಸ್ವಲ್ಪ ಜೋಮು ಹಿಡೀತೈತ್ರಿ, ಅಷ್ಟೆ. ನನಗೆಲ್ಲೂ ನೋವಿಲ್ಲ. ಸ್ಕ್ಯಾನ್ ಬ್ಯಾಡ ಬಿಡ್ರಿ,” ಎಂದರು ಆಕೆ. ಗಂಡನೇ ಒಪ್ಪಿಸಿ ಯಂತ್ರದೊಳಗೆ ಮಲಗಿಸಿದರು.

ಚಿತ್ರ ತೆರೆಯ ಮೇಲೆ ಮೂಡಿತು. ಗಡ್ಡೆಯೊಂದು ಮೂಳೆಯನ್ನು ತಿಂದು ಬೆನ್ನುಹುರಿಯನ್ನು ಅದುಮುತ್ತಿತ್ತು. ಗಂಡನ ಚಿತ್ರವನ್ನು ಪಕ್ಕಕ್ಕಿಟ್ಟು ಮೂಳೆಗಳನ್ನು ಮೇಲಿನಿಂದ ಎಣಿಸಿದೆ, ಮತ್ತೆ ಕೆಳಗಿನಿಂದ ಎಣಿಸಿದೆ. ಗಂಡನಲ್ಲಿ ಗುಳಿಗೆಯ ಅಡಿ ಕಂಡ ಮೂಳೆಯೇ ಹೆಂಡತಿಯಲ್ಲಿ ಕರಗಿ ಹೋಗಿತ್ತು.

ಕಂಡದ್ದನ್ನು ಬರೆಯುವುದಷ್ಟೇ ನನ್ನ ಕೈಲಿದ್ದದ್ದು, ಬರೆದೆ. ಕ್ಯಾನ್ಸರ್ ಅಷ್ಟರಲ್ಲಿ ಎಲ್ಲೆಡೆ ಹಬ್ಬಿತ್ತು. ಆಪರೇಷನ್ ಆಯಿತು, ಜನ ಕರೆಂಟು ಎನ್ನುವ ವಿಕಿರಣ ಚಿಕಿತ್ಸೆ ಕೊಟ್ಟರು. ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ಶಾಂತಮ್ಮ ತೀರಿಕೊಂಡರು.

ಆಮೇಲೊಂದು ದಿನ ಮರುಳಸಿದ್ದಪ್ಪ ಒಬ್ಬರೇ ಬಂದು ನನ್ನೆದುರು ಕೂತರು.

“ಬೆನ್ನುನೋವು ಹೋತ್ರಿ. ಆಕಿ ಹೋದ ದಿನಾನೇ ಹೋತು.”

ನಾನು ಅವರ ಹಳೆಯ ಚಿತ್ರವನ್ನು ತೆರೆದೆ.

“ಆ ನೋವಾದ್ರೂ ಇರಬೇಕಿತ್ತು,” ಎಂದರು. “ಇನ್ನೊಮ್ಮೆ ಮಶೀನ್‌ನಾಗೆ ಹಾಕಿ ನೋಡ್ರಿ. ಎಲ್ಲಾದ್ರೂ ಒಂಚೂರು ಉಳಿದೈತೇನೋ.”

ಗೆಳೆಯ ಡಾಕ್ಟರುಗಳು ಇದನ್ನು ಕಾಕತಾಳೀಯ ಎನ್ನುತ್ತಾರೆ. ಇರಬಹುದು. ನಾನಂತೂ ಅವತ್ತು ಇಲ್ಲ ಎನ್ನಲಾರದೆ ಅವರನ್ನು ಮಲಗಿಸಿದೆ. ಚಿತ್ರ ಮೊದಲಿನಷ್ಟೇ ಶುಭ್ರವಾಗಿತ್ತು. ಅವರು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದರು. ಎದ್ದು ಹೋಗಿ ಹೇಳುವ ಮೊದಲು, ಶಾಂತಮ್ಮ ಹೆಬ್ಬೆರಳು ಒತ್ತಿ ತೋರಿಸಿದ್ದ ಆ ಮೂಳೆಯನ್ನು ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ಮತ್ತೆ ಎಣಿಸಿದೆ.