ಸಪ್ಪಳಿಲ್ಲದ ಕರಾಟೆ

ನೋಡ್ರಿ ಗೆಳೆಯಾರ, ಬ್ಯಾಡಗ್ಯಾಗ ಕರಾಟೆ ಕಲಸಾವ್ರು ನನಗ ಯಾರೂ ಸಿಗಲಿಲ್ಲ. ಸಿಡಿ ಹಚ್ಚಿ, ಮೆಣಸಿನಕಾಯಿ ಖಾಲಿ ಚೀಲದಾಗ ಹೊಟ್ಟು ತುಂಬಿ ತೊಲಿಗೆ ಕಟ್ಟಿ, ಒಬ್ಬಾಕಿನ ಕಲ್ತೇನಿ. ಸಿಡಿಯೊಳಗ ಹೊಡತಕ್ಕೊಮ್ಮೆ ಒದರ್ತಾರ. ಅದೊಂದ ಬಿಟ್ಟಿದ್ದೆ. "ಮಂದಿ ಏನಂದಾರು, ಸುಮ್ಮನ ಮಾಡು," ಅಂತ ಅವ್ವ ಕಿಟಕಿ ಹಾಕತಿದ್ಳು. ಚೀಲದ ಘಾಟಿಗೆ ಸೀನಿದ್ದಷ್ಟ ನನ್ನ ಸಪ್ಪಳ.

ಇವತ್ತ ರಾಣೆಬೆನ್ನೂರ ಬಸ್ಸಿನಾಗ ಹಿಂದ ನಿಂತಾವ ನನ್ನ ಸೊಂಟಕ್ಕ ಕೈ ಹಾಕಿದ. ನನ್ನ ಮೊಣಕೈ ತಾನ ಹಿಂದ ಹೋಗಿ ಅವನ ಎದಿಗೆ ಬಡೀತು. ಅವ ಕುಸದು ಕುಂತು, "ಸುಮ್ಮನ ನಿಂತಾವಗ ಹೊಡದ್ಳರೀ," ಅಂತ ಒದರಿದ. ಕಂಡಕ್ಟರ್ ನನ್ನ ಕಡೆ ತಿರುಗಿ, "ಯಾಕವ್ವಾ, ಏನಾತು?" ಅಂದ. ನನ್ನ ಬಾಯಿಂದ ಮಾತ ಹೊರಡಲಿಲ್ಲ. ಇಡೀ ಬಸ್ಸು ಒದರಿದಾವನ್ನ ನಂಬಿತು. ಮುಂದಿನ ಸ್ಟಾಪಿನಾಗ ನನ್ನ ಇಳಿಸಿದ್ರು.

ಮನಿಗೆ ಬಂದು ಅವ್ವಗ ಎಲ್ಲಾ ಹೇಳಿದೆ. ಆಕಿ ಎದ್ದು ಕಿಟಕಿ ತಗದು, ಚೀಲದ ಮುಂದ ನನ್ನ ನಿಂದರಿಸಿ, "ಈಗ ಒದರು," ಅಂದ್ಳು.

ಮಂದಿ ಏನಂದಾರು ಅನ್ನೂದು ನಾಳಿಗೆ ಗೊತ್ತಾಗ್ತೈತಿ. ಇವತ್ತಂತೂ ಇಡೀ ಓಣಿಗೆ ಕೇಳಿಸೇತಿ.