ಡಿಸ್ಕವರಿ ಗಾರ್ಡನ್ಸಿನ ಹಾರದ ಸಂವಿಧಾನ

ಫಿಡೆಲಿಸ್ ಜುಮೇರಾ ಲೇಕ್ ಟವರ್ಸಿನ ಒಂದು ಆಫೀಸಿನಲ್ಲಿ ಹದಿನಾಲ್ಕು ವರ್ಷ ಕಟ್ಟಡಗಳ ನಕ್ಷೆಗಳಿಗೆ ನಂಬರ್ ಹಾಕಿದ ಮನುಷ್ಯ. ಮೊದಲ ಪ್ರತಿ ರೆವ್ ಸೊನ್ನೆ, ತಿದ್ದಿದರೆ ರೆವ್ ಒಂದು. ನಂಬರಿಲ್ಲದ ಕಾಗದ ಅವನ ಮಟ್ಟಿಗೆ ಇನ್ನೂ ಹುಟ್ಟಿಯೇ ಇಲ್ಲ. ಇಂಥವನಿಗೂ ಒಂದು ಹುಚ್ಚಿತ್ತು, ಒಬ್ಬ ಕನ್ನಡ ನಟನದು. ಹೆಂಡತಿ ವೆಲಿಟಾ ಆ ನಟನ ಸಿನಿಮಾಕ್ಕೆ ಮೂರು ಸಲ ಹೋಗಿ ಮೂರು ಸಲವೂ ಸೊಗಸಾಗಿ ನಿದ್ದೆ ಮಾಡಿ ಬಂದಿದ್ದಳು.

೨೦೧೬ರಲ್ಲಿ ಆ ನಟ ದುಬೈಗೆ ಬರುವುದು ಖಾತ್ರಿಯಾಯಿತು. ಏರ್‌ಪೋರ್ಟಿನಲ್ಲಿ ಹಾರ ಹಾಕಲು ಒಬ್ಬರಿಗೆ ಮಾತ್ರ ಅವಕಾಶ. ಅಭಿಮಾನಿಗಳ ವಾಟ್ಸಾಪ್ ಬಳಗದಲ್ಲಿ ಇದ್ದವರು ಹನ್ನೆರಡು ಮಂದಿ. ಊಟದ ಏರ್ಪಾಡಿಗೆಂದು ಸೇರಿಸಿಕೊಂಡ ವೆಲಿಟಾಳನ್ನು ಬಿಟ್ಟರೆ ಉಳಿದ ಹನ್ನೊಂದು ಮಂದಿಗೂ ಆ ಒಬ್ಬರು ತಾವೇ ಆಗಬೇಕಿತ್ತು. ಬರ್ ದುಬೈಯ ನಿರಂಜನ, ನಟನ ಊರಿನವನು ತಾನು, ಹಕ್ಕು ತನ್ನದೇ ಎಂದ. ಮೂರು ದಿನ ಬಳಗದಲ್ಲಿ ಒಬ್ಬರೂ ಗುಡ್ ಮಾರ್ನಿಂಗ್ ಹಾಕಲಿಲ್ಲ.

ಆಗ ಫಿಡೆಲಿಸನ ಕೈಗೆ ಸಿಕ್ಕಿದ್ದು ಮಗಳು ಜಾನಿಸಳ ಚರಿತ್ರೆ ಪುಸ್ತಕ. ೧೭೮೭ರಲ್ಲಿ ಅಮೆರಿಕದ ಹಿರಿಯರು ಫಿಲಡೆಲ್ಫಿಯಾದಲ್ಲಿ ಬೇಸಿಗೆಯ ಸೆಕೆಯಲ್ಲೂ ಕಿಟಕಿ ಮುಚ್ಚಿ ಕೂತು ನಾಲ್ಕೇ ತಿಂಗಳಲ್ಲಿ ಸಂವಿಧಾನ ಬರೆದರಂತೆ. ದೇಶಕ್ಕೇ ಅಷ್ಟು ಸಾಕಾದರೆ ಒಂದು ಹಾರಕ್ಕೆ ಎಷ್ಟು ಬೇಕು? ಫಿಡೆಲಿಸ್ ಶುಕ್ರವಾರ ಎಲ್ಲರನ್ನೂ ಡಿಸ್ಕವರಿ ಗಾರ್ಡನ್ಸಿನ ತನ್ನ ಫ್ಲ್ಯಾಟಿಗೆ ಕರೆಸಿದ. ದುಬೈಯಲ್ಲಿ ಕಿಟಕಿ ಮುಚ್ಚುವುದು ದೊಡ್ಡ ತ್ಯಾಗವೇನಲ್ಲವಾದ್ದರಿಂದ ಎಸಿಯನ್ನೂ ಆರಿಸಿದ.

ಸೆಕೆಯ ದೆಸೆಯಿಂದ ಸಂವಿಧಾನ, ರೆವ್ ಸೊನ್ನೆ, ಕಾಲು ಗಂಟೆಯಲ್ಲಿ ಪಾಸಾಯಿತು. ತಲೆಗೆ ಎರಡು ಓಟು, ಎರಡನ್ನೂ ಒಬ್ಬರಿಗೇ ಹಾಕುವಂತಿಲ್ಲ, ಇದು ಪುಸ್ತಕದಲ್ಲಿದ್ದ ಅಧ್ಯಕ್ಷರ ಚುನಾವಣೆಯ ನಿಯಮ. ಗೆದ್ದವರು ಹಾರವನ್ನು ಇನ್ನೊಬ್ಬರ ಕೈಗೆ ದಾಟಿಸುವಂತಿಲ್ಲ. ಇದು ನಿರಂಜನನ ಒಳಸಂಚುಗಳಿಗೆ ಹೆದರಿ ಫಿಡೆಲಿಸನೇ ಸೇರಿಸಿದ್ದು.

ಎಲ್ಲರೂ ಮೊದಲ ಓಟನ್ನು ತಮಗೇ ಹಾಕಿಕೊಂಡರು. ಎರಡನೆಯದನ್ನು ಎದುರಾಳಿಗೆ ಕೊಟ್ಟು ಯಾರು ತಾನೇ ಕೈಯಾರೆ ಕೆಡುತ್ತಾರೆ? ಯಾವ ಅಪಾಯವೂ ಇಲ್ಲದವರಿಗೆ ಹಾಕಿದರು. ಎಣಿಸಿದಾಗ ಹನ್ನೊಂದು ಮಂದಿಗೆ ತಲಾ ಒಂದು, ಅಡುಗೆಮನೆಯಲ್ಲಿ ಮೀನು ಹುರಿಯುತ್ತಾ ಓಟನ್ನೇ ಹಾಕದ ವೆಲಿಟಾಳಿಗೆ ಹನ್ನೊಂದು.

ಜಾನಿಸ್ ಪುಸ್ತಕದ ಹಾಳೆ ತಿರುಗಿಸಿ ತೋರಿಸಿದಳು. "ಪಪ್ಪಾ, ದೇ ಚೇಂಜ್ಡ್ ಇಟ್. ನೆಕ್ಸ್ಟ್ ಪೇಜ್."

ಈ ಎರಡು ಓಟಿನ ಪೇಚಿಗೆ ಅಮೆರಿಕದವರೂ ಸಿಕ್ಕಿಬಿದ್ದು ನಿಯಮವನ್ನೇ ತಿದ್ದಿಕೊಂಡಿದ್ದರು. ಫಿಡೆಲಿಸ್ ಅಲ್ಲಿಯವರೆಗೆ ಓದಿಯೇ ಇರಲಿಲ್ಲ. ನೀವೇ ಹಾಕಿ ಎಂದು ವೆಲಿಟಾ ಎಷ್ಟು ಹೇಳಿದರೂ ಹಾರ ದಾಟಿಸಬಾರದೆಂದು ಅವನೇ ಸೇರಿಸಿದ ನಿಯಮ ಬಿಡಲಿಲ್ಲ. ಇಪ್ಪತ್ತೆರಡು ವರ್ಷದ ಅಭಿಮಾನ ಹೆಂಡತಿಯ ಮುಂದೆ ಡೆಪಾಸಿಟ್ ಕಳೆದುಕೊಂಡಿತ್ತು. ಆ ವಾರ ಅವನಿಗೆ ಊಟ ಸೇರಲಿಲ್ಲ.

ನಟ ಏರ್‌ಪೋರ್ಟಿನ ಬಾಗಿಲು ದಾಟಿ ಬಂದ. ಹೊಸ ಅಂಗಿ ತೊಟ್ಟು ಹಿಂದೆ ನಿಂತಿದ್ದ ಫಿಡೆಲಿಸನ ಕಣ್ಣು ತುಂಬಿತ್ತು. ವೆಲಿಟಾ ಹಾರ ಹಿಡಿದು ತಿರುಗಿ ನೋಡಿದಳು.

"ಯಾರು ಹಾಕುದು ಅಂತ ಬರ್ದಿದ್ದೀರಿ. ಯಾರಿಗೆ ಹಾಕುದು ಅಂತ ಬರೀಲೇ ಇಲ್ಲ ಅಲ್ವಾ?"

ಹಾಗೆಂದವಳೇ ಹಾರವನ್ನು ಗಂಡನ ಕೊರಳಿಗೆ ಹಾಕಿಬಿಟ್ಟಳು. ನಿರಂಜನ ಸಂವಿಧಾನವನ್ನು ಹಿಂದೆ ಮುಂದೆ ತಿರುವಿ ನೋಡಿದ. ಎಲ್ಲಿಯೂ ಬರೆದಿರಲಿಲ್ಲ. ನಟನೇ ನಕ್ಕು ಚಪ್ಪಾಳೆ ತಟ್ಟಿ, ಫಿಡೆಲಿಸನ ಹೆಗಲ ಮೇಲೆ ಕೈಯಿಟ್ಟು ಫೋಟೋಕ್ಕೆ ನಿಂತ.

ಪಾರ್ಕಿಂಗಿನಲ್ಲಿ ಬಳಗ ತುರ್ತುಸಭೆ ಸೇರಿತು. ಹಾರವನ್ನು ನಟರಿಗೇ ಹಾಕತಕ್ಕದ್ದು ಎಂಬ ತಿದ್ದುಪಡಿಯನ್ನು ಫಿಡೆಲಿಸನೇ ಬರೆದು ರೆವ್ ಒಂದು ಎಂದು ನಂಬರ್ ಹಾಕಿದ. ವೆಲಿಟಾ ಈ ಸಲವೂ ಓಟು ಹಾಕಲಿಲ್ಲ, ಹತ್ತು ಮಂದಿ ಒಪ್ಪಿದರು. ವಿರೋಧವಾಗಿ ಬಿದ್ದದ್ದು ಒಂದೇ ಓಟು, ಹಾರ ಹಾಕಿಕೊಂಡೇ ಕೈಯೆತ್ತಿದವನದು.